ಮರ, ತಂತಿ ಮತ್ತು ವಿದ್ಯುತ್ತು: ಮನೆಯಲ್ಲಿ ರಚಿಸಿದ ಒಂದು ಮಂದ್ರವಾದ್ಯ

ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಊರೊಂದರ ಭಜನೆಯ ವೇಳೆ ನಡೆದ ಸಣ್ಣ ಪ್ರಸಂಗವೇ ಈ ಲೇಖನಕ್ಕೆ ನಿಮಿತ್ತವಾಯಿತು. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಕೈಯಾರೆ ಮಾಡಿದ ನಾಲ್ಕು ತಂತಿಗಳ ವಾದ್ಯವೊಂದನ್ನು ಹೆಗಲಿಗೆ ಹಾಕಿಕೊಂಡು ಮಂಡಳಿಯ ನಡುವೆ ಕುಳಿತಿದ್ದನು. ಅವನು ತಂತಿಯನ್ನು ಮೀಟಿದಾಗ ಮೊದಲು ಅದರ ಗಂಭೀರ ನಾದವೂ, ಅದರ ಬೆನ್ನಿಗೆ ಹಾರ್ಮೋನಿಯಮ್ಮನ್ನು ಹೋಲುವ ದೀರ್ಘ ಸ್ವರವೊಂದೂ ಕೇಳಿಬಂದವು. ಜೀವಮಾನವೆಲ್ಲ ಏಕತಾರಿ ಹಿಡಿದು ತತ್ವಪದ ಹಾಡಿದ ಹಿರಿಯರೊಬ್ಬರು ತಾಳವನ್ನು ಕೆಳಗಿಟ್ಟು, "ಇದೇನಪಾ ತಮ್ಮಾ, ಏಕತಾರಿನೋ ರೇಡಿಯೋನೋ?" ಎಂದು ಕೇಳಿದರು. "ಎರಡೂ ಐತ್ರೀ ಅಜ್ಜಾರ" ಎಂದು ಹುಡುಗನು ನಕ್ಕನು. ಹಿರಿಯರಿಗೆ ಸಮಾಧಾನವಾಗಲಿಲ್ಲ. "ಎರಡೂ ಅಂದ್ರ ಹೆಂಗ? ತಂತಿ ಹೇಳಿದ್ದು ಪೆಟ್ಟಿಗಿಗೆ ಹೆಂಗ ತಿಳೀತದ?"

ಆ ಪ್ರಶ್ನೆಗೆ ಸಮರ್ಪಕವಾದ ಉತ್ತರ ಅಲ್ಲಿ ಯಾರಿಂದಲೂ ಬರಲಿಲ್ಲ. ಅನೇಕ ವರ್ಷ ವಿಜ್ಞಾನ ಬೋಧಿಸಿದ ನನ್ನಿಂದಲೂ ಬರಲಿಲ್ಲ. ಎರಡು ಬೇಸಿಗೆಗಳ ಕಾಲ ಆ ಹುಡುಗನ ಕೆಲಸವನ್ನು ಹತ್ತಿರದಿಂದ ನೋಡಿ, ಅಲ್ಪಸ್ವಲ್ಪ ಸಹಾಯವನ್ನೂ ಮಾಡಿದ್ದವನಾದ್ದರಿಂದ, ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯಲು ಯತ್ನಿಸಿದ್ದೇನೆ. ಒಕ್ಕಲುತನದ ಅರಿವನ್ನು 'ಕೃಷಿ ಜ್ಞಾನ ಪ್ರದೀಪಿಕೆ'ಯಾಗಿ ಬರೆದಿಟ್ಟ ಘನಮಠದ ನಾಗಭೂಷಣ ಶಿವಯೋಗಿಗಳ ಊರಾದ ಸಂತೆಕಲ್ಲೂರಿನಲ್ಲಿ ಕೈಗೆಲಸದ ಬರಹಕ್ಕೆ ಸಂಚಿಕೆಯ ಕೆಲವು ಪುಟಗಳನ್ನು ಬೇಡುವುದು ಸಲ್ಲದ ಮಾತಾಗಲಾರದೆಂದು ಭಾವಿಸುತ್ತೇನೆ.

ಆ ವಾದ್ಯದ ಹೆಸರು ಬೇಸ್ ಗಿಟಾರ್. ಅಮೆರಿಕದ ಲಿಯೋ ಫೆಂಡರ್ ಎಂಬವರು ೧೯೫೧ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಅದು ಲೋಕಪ್ರಸಿದ್ಧವಾಯಿತು. ಹೆಸರು ಪರದೇಶಿಯಾದರೂ ಅದರ ಧರ್ಮ ನಮಗೆ ಅಪರಿಚಿತವಲ್ಲ. ಹಾಡುಗಾರಿಕೆಗೆ ಕೆಳಗಿನಿಂದ ಆಧಾರ ಕೊಡುವುದೇ ಅದರ ಕೆಲಸ. ತಂಬೂರಿಯಲ್ಲಿ ಖರ್ಜದ ತಂತಿ ಮಾಡುವುದೂ ಅದನ್ನೇ. ಗಂಡು ದನಿಯ ಗಾಯಕರು ಹಾರ್ಮೋನಿಯಮ್ಮಿನ ಕರಿ ಒಂದಕ್ಕೆ ಶ್ರುತಿ ಹಿಡಿದರೆ ತಂಬೂರಿಯ ಖರ್ಜ ಸೆಕೆಂಡಿಗೆ ಸುಮಾರು ೬೯ ಬಾರಿ ಕಂಪಿಸುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ೪೧ ಮಾತ್ರ. ಉಳಿದ ಮೂರರದು ಅನುಕ್ರಮವಾಗಿ ೫೫, ೭೩ ಮತ್ತು ೯೮. ಈ ೪೧ ಎಂಬ ಸಂಖ್ಯೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಅದರಿಂದಲೇ ಹುಟ್ಟಿದವು.

ಭಾರತೀಯ ಸಂಗೀತಕ್ಕೂ ವಿದ್ಯುನ್ಮಾನ ಶಾಸ್ತ್ರಕ್ಕೂ ನಂಟು ಬೆಳೆದ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ವೃತ್ತಿಯಿಂದ ಇಂಜಿನಿಯರು, ಪ್ರವೃತ್ತಿಯಿಂದ ಕೊಳಲುವಾದಕರು. ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯು ೧೯೭೯ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶಿತವಾಯಿತು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ಎಲೆಕ್ಟ್ರಾನಿಕ್ ತಬಲಾ ಹಾಗೂ ಡಿಜಿಟಲ್ ವೀಣೆ ಕೂಡ ಹೊರಬಂದವು. ಮೊದಮೊದಲ ತಂಬೂರಿ ಪೆಟ್ಟಿಗೆಗಳು ಗಾತ್ರದಲ್ಲಿ ದೊಡ್ಡವು. ಕ್ರಮೇಣ ಅವು ಕೈರೇಡಿಯೋದಷ್ಟು ಕುಗ್ಗಿದವು. ಇಂದು ಆ ನಾದ ಮೊಬೈಲಿನೊಳಗೇ ಸೇರಿಕೊಂಡಿದೆ. ಪೆಟ್ಟಿಗೆಯ ತಂಬೂರಿಯಲ್ಲಿ ಜವಾರಿಯ ಜೀವವಿಲ್ಲವೆಂದು ಆಕ್ಷೇಪಿಸುವವರು ಉಂಟು, ಅವರ ಮಾತಿನಲ್ಲಿ ಹುರುಳೂ ಉಂಟು. ಆದರೆ ಮೀರಜದಿಂದ ಸೋರೆ ಬುರುಡೆಯ ತಂಬೂರಿ ತರಿಸಿ, ಅದನ್ನು ಬಸ್ಸಿನಲ್ಲಿ ಒಡೆಯದಂತೆ ಒಯ್ದು, ಮೀಟಲು ಶಿಷ್ಯನೊಬ್ಬನನ್ನು ಜೊತೆಗಿಟ್ಟುಕೊಳ್ಳಲಾರದ ಎಷ್ಟೋ ಮಂದಿ ಹಳ್ಳಿಯ ಗಾಯಕರಿಗೆ ಶ್ರುತಿ ದಕ್ಕಿದ್ದು ಆ ಪೆಟ್ಟಿಗೆಯಿಂದಲೇ ಎಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಎಲೆಕ್ಟ್ರಾನಿಕ್ ತಂಬೂರಿಯು ಯಾರ ಮಾತನ್ನೂ ಕೇಳಬೇಕಾಗಿಲ್ಲ. ಶ್ರುತಿಯನ್ನು ಒಮ್ಮೆ ಹೊಂದಿಸಿದರೆ ಅದು ತನ್ನ ಪಾಡಿಗೆ ತಾನು ನುಡಿಯುತ್ತಿರುತ್ತದೆ. ನಮ್ಮ ಹುಡುಗನಿಗೆ ಬೇಕಾಗಿದ್ದುದು ಬೇರೆ. ತನ್ನ ಬೆರಳು ಯಾವ ತಂತಿಯನ್ನು ಯಾವ ಮನೆಯಲ್ಲಿ ಒತ್ತಿತೆಂಬುದನ್ನು ಕೇಳಿಸಿಕೊಂಡು, ಅದೇ ಸ್ವರವನ್ನು ಸಿಂಥಸೈಜರಿನ ದನಿಯಲ್ಲಿ ಪುನಃ ನುಡಿಯುವ ಪೆಟ್ಟಿಗೆ ಅವನಿಗೆ ಬೇಕಿತ್ತು. ನುಡಿಯುವ ಯಂತ್ರ ಸುಲಭ, ಕೇಳುವ ಯಂತ್ರ ಕಠಿಣ. ಜಪಾನಿನ ರೋಲೆಂಡ್ ಕಂಪನಿಯು ೧೯೭೭ರಲ್ಲಿಯೇ ಜಿಆರ್ ೫೦೦ ಎಂಬ ಗಿಟಾರ್ ಸಿಂಥಸೈಜರನ್ನು ಹೊರತಂದಿತಾದರೂ, ಮಂದ್ರಸ್ಥಾಯಿಯ ತಂತಿಗಳು ಅಂಥ ಯಂತ್ರಗಳನ್ನು ಬಹುಕಾಲ ಕಾಡಿದವು. ಇಂದಿಗೂ ಪೂರ್ಣವಾಗಿ ಬಿಟ್ಟಿಲ್ಲ.

ಮೊದಲು ಮರದ ಮಾತು. ನಾಲ್ಕು ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಸೆಳೆತ ಸುಮಾರು ೭೫ರಿಂದ ೮೦ ಕಿಲೋಗ್ರಾಮು. ಜೋಳದ ಚೀಲವೊಂದನ್ನು ವಾದ್ಯದ ದಂಡಿಗೆ ಹಗಲಿರುಳು ಜೋತುಹಾಕಿದಂತೆ. ಹುಡುಗನು ಮೊದಲು ಆರಿಸಿಕೊಂಡದ್ದು ಹಿತ್ತಿಲಲ್ಲಿ ಬಿದ್ದಿದ್ದ ಬೇವಿನ ಮರವನ್ನು. ಹಸಿ ಮರ ಬೇಡವೆಂದು ಬಡಿಗೇರರು ಎಚ್ಚರಿಸಿದ್ದರು. ಹುಡುಗನ ಅವಸರವೂ ನನ್ನ ಮೌನವೂ ಸೇರಿ ಕೆಲಸ ಕೆಟ್ಟಿತು. ಮಾಘದಲ್ಲಿ ನೆಟ್ಟಗಿದ್ದ ದಂಡಿ ವೈಶಾಖದ ಹೊತ್ತಿಗೆ ಬಿಲ್ಲಾಯಿತು. ನಡುವಿನಲ್ಲಿ ತಂತಿ ಬೆರಳಗಲ ಮೇಲೆದ್ದು, ಯಾವ ಸ್ವರವನ್ನೂ ಒತ್ತಲು ಬಾರದಂತಾಯಿತು. ರಾಯಚೂರು ಜಿಲ್ಲೆಯ ಬೇಸಿಗೆ ೪೦ ಡಿಗ್ರಿ ದಾಟುವುದನ್ನು ಪಾಠದಲ್ಲಿ ಹೇಳುವ ನಾನು, ಅದು ಮರದೊಳಗಿನ ನೀರಿಗೂ ಅನ್ವಯಿಸುತ್ತದೆಂಬುದನ್ನು ಆಗ ನೆನೆಯಲಿಲ್ಲ.

ಎರಡನೆಯ ಬಾರಿ ಕೆಡವಿದ ಹಳೆಯ ಮನೆಯೊಂದರ ಬಾಗಿಲು ಚೌಕಟ್ಟಿನ ಸಾಗವಾನಿಯನ್ನು ತರಲಾಯಿತು. ದಶಕಗಳ ಕಾಲ ಬಿಸಿಲು ಮಳೆ ಕಂಡ ಮರ ಮತ್ತೆ ಬಾಗಲು ಬೇಸರಪಡುತ್ತದೆ. ಅದನ್ನು ಉದ್ದಕ್ಕೆ ಮೂರು ಪಟ್ಟಿಯಾಗಿ ಸೀಳಿ, ನಡುವಿನ ಪಟ್ಟಿಯ ಎಳೆ ವಿರುದ್ಧ ದಿಕ್ಕಿಗೆ ಬರುವಂತೆ ತಿರುಗಿಸಿ ಮತ್ತೆ ಅಂಟಿಸಿದರೆ ಒಂದರ ಬಾಗನ್ನು ಇನ್ನೊಂದು ತಡೆಯುತ್ತದೆ. ಜೊತೆಗೆ ದಂಡಿಯ ಒಡಲಲ್ಲಿ ಕಾಲುವೆ ತೋಡಿ ಉಕ್ಕಿನ ಸರಳೊಂದನ್ನು ಹುದುಗಿಸಿ, ಅದರ ತುದಿಗೆ ತಿರುಪು ಇಡಬೇಕು. ತಂತಿಗಳು ಮುಂದಕ್ಕೆ ಎಳೆದಷ್ಟು ಸರಳು ಹಿಂದಕ್ಕೆ ಎಳೆಯುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವವರು ಹಲಸಿನ ಮರವನ್ನು ಬಳಸುತ್ತಾರೆ. ಅವರ ವೀಣೆಗೆ ಮರವೇ ಧ್ವನಿಪೆಟ್ಟಿಗೆ. ನಮ್ಮ ವಾದ್ಯದ ಒಡಲು ಪೊಳ್ಳಲ್ಲ, ಗಟ್ಟಿ ಹಲಗೆ. ಧ್ವನಿಯನ್ನು ದೊಡ್ಡದು ಮಾಡುವ ಭಾರ ವಿದ್ಯುತ್ತಿನದು. ಆದ್ದರಿಂದ ಇಲ್ಲಿ ಮರದಿಂದ ಮುಖ್ಯವಾಗಿ ಬೇಕಾಗಿರುವುದು ಸ್ಥೈರ್ಯ.

ಮೆಟ್ಟುಗಳನ್ನು ಕೂಡಿಸುವಾಗ ಇನ್ನೊಂದು ಸ್ವಾರಸ್ಯ. ನಮ್ಮ ಬಡಿಗೇರರು ಕೂರಿಗೆ ಮಾಡುವುದರಲ್ಲಿ ನಿಸ್ಸೀಮರು. ಕೂರಿಗೆಯ ತಾಳುಗಳ ನಡುವೆ ಅಂತರ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ಆದರೆ ಗಿಟಾರಿನ ಮೆಟ್ಟುಗಳ ಅಂತರ ಸಮವಾಗಿದ್ದರೆ ವಾದ್ಯವೇ ಕೆಟ್ಟಂತೆ. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ ೮೬೪ ಮಿಲಿಮೀಟರು ಎಂದಿಟ್ಟುಕೊಳ್ಳಿ. ಅದನ್ನು ೧೭.೮೧೭ರಿಂದ ಭಾಗಿಸಿದರೆ ಬರುವ ೪೮.೫ ಮಿಲಿಮೀಟರಿಗೆ ಮೊದಲ ಮೆಟ್ಟು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ೪೫.೮, ಅಲ್ಲಿಗೆ ಎರಡನೆಯದು. ಹೀಗೆಯೇ ಸಾಗಿ ಹನ್ನೆರಡನೆಯ ಮನೆಯ ಅಗಲ ೨೫.೭ಕ್ಕೆ ಇಳಿಯುತ್ತದೆ, ಮತ್ತು ಆ ಮೆಟ್ಟು ತಂತಿಯ ಸರಿಯಾದ ಅರ್ಧದಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ಒತ್ತಿದರೆ ತಾರ ಷಡ್ಜ. ಲೆಕ್ಕ ಸರಿಯಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಳತೆ ಪಟ್ಟಿಯನ್ನು ನೋಡಿ ಬಡಿಗೇರರು, "ಸರ, ಇದು ಹೋಗತಾ ಹೋಗತಾ ಸಣ್ಣದಾಗ್ತದಲ್ರೀ, ತಪ್ಪಿಲ್ಲೇನ್ರೀ?" ಎಂದು ಮೂರು ಸಲ ಕೇಳಿದ್ದು ಅವರ ಕಸುಬಿನ ನಿಷ್ಠೆಗೆ ತಕ್ಕುದೇ ಆಗಿತ್ತು. ಏರುಪ್ರಮಾಣದ ಗಣಿತವನ್ನು ಕರಿಹಲಗೆಯ ಮೇಲೆ ಕಲಿಸುವುದಕ್ಕಿಂತ ಇಂಥ ದಂಡಿಯ ಮೇಲೆ ಕಲಿಸಿದರೆ ಮಕ್ಕಳು ಮರೆಯಲಾರರು ಎಂಬುದು ನನ್ನ ಅನುಭವ.

ತಂತಿಯನ್ನು ಮಾತ್ರ ಕೊಂಡುತಂದದ್ದೇ ಲೇಸು. ಹುಡುಗನು ಮೊದಲು ಮೊಪೆಡ್ಡಿನ ಕ್ಲಚ್ ವಾಯರನ್ನು ಬಿಗಿದು ನೋಡಿದ್ದನು. ಅದು ನುಡಿಯಿತು, ಆದರೆ ಒದ್ದೆ ಹಗ್ಗದಂತೆ. ಅನೇಕ ಎಳೆಗಳನ್ನು ಹೊಸೆದ ತಂತಿಯಲ್ಲಿ ಎಳೆಗಳು ಒಂದಕ್ಕೊಂದು ಉಜ್ಜಿ ನಾದವನ್ನು ನುಂಗಿಬಿಡುತ್ತವೆ. ವಾದ್ಯದ ತಂತಿಯಲ್ಲಿ ನಡುವೆ ಉಕ್ಕಿನ ಒಂದು ಬಿಗಿಯಾದ ಗರ್ಭವಿದ್ದು, ಅದರ ಸುತ್ತ ಇನ್ನೊಂದು ತಂತಿಯನ್ನು ಒತ್ತಾಗಿ ಸುತ್ತಿರುತ್ತಾರೆ. ಹೀಗೆ ತೂಕ ಹೆಚ್ಚುತ್ತದೆ, ಬಳುಕು ಉಳಿಯುತ್ತದೆ. ದಪ್ಪ ತಂತಿಯ ವ್ಯಾಸ ಸುಮಾರು ೨.೬ ಮಿಲಿಮೀಟರು, ಸಣ್ಣದರದು ೧.೧.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವುದು ಎರಡು ವಿಧ. ಒಂದು ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವನ್ನು ಆಶ್ರಯಿಸಿದ್ದು. ಅಯಸ್ಕಾಂತದ ಸುತ್ತ ಕೂದಲಿಗಿಂತ ಸಪೂರವಾದ ತಾಮ್ರದ ತಂತಿಯನ್ನು ಸುಮಾರು ಹತ್ತು ಸಾವಿರ ಸುತ್ತು ಸುತ್ತಿ ವಾದ್ಯದ ತಂತಿಯ ಕೆಳಗಿಟ್ಟರೆ, ಉಕ್ಕಿನ ತಂತಿ ಅಲುಗಿದಂತೆ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಈ ಸುರುಳಿಯನ್ನು ಸಿಂಧನೂರಿನಲ್ಲಿ ಪಂಪಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಕುಶಲಿಯೊಬ್ಬರು ಸುತ್ತಿಕೊಟ್ಟರು. ಎಡದಂಡೆ ಕಾಲುವೆಯ ಸೀಮೆಯಲ್ಲಿ ಅಂಥ ಅಂಗಡಿಗಳಿಗೆ ಕೊರತೆಯಿಲ್ಲ. ಅವರ ಕೈಗೆ ಒಗ್ಗಿದ ತಂತಿ ಇದಕ್ಕಿಂತ ಎಷ್ಟೋ ದಪ್ಪದ್ದು. ಎರಡು ಬಾರಿ ಹರಿದು ಮೂರನೆಯ ಬಾರಿ ಸರಿಹೋಯಿತು. ಇದರಿಂದ ನಾಲ್ಕೂ ತಂತಿಗಳ ನಾದ ಒಟ್ಟಾಗಿ ಬರುತ್ತದೆ, ಕೇಳಲು ಬಲು ಇಂಪು.

ಆದರೆ ಸಿಂಥಸೈಜರಿಗೆ ಈ ಒಟ್ಟು ನಾದ ನಿರುಪಯೋಗಿ. ನಾಲ್ವರು ಒಮ್ಮೆಗೇ ಮಾತನಾಡಿದರೆ ಬರೆದುಕೊಳ್ಳುವವನಿಗೆ ಒಂದೂ ತಿಳಿಯದು. ಪ್ರತಿ ತಂತಿಗೂ ಒಂದು ಪ್ರತ್ಯೇಕ ಕಿವಿ ಬೇಕು. ಅದಕ್ಕೆ ಎರಡನೆಯ ವಿಧಾನವೇ ಅನುಕೂಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು ೧೮೮೦ರಲ್ಲಿ ತೋರಿಸಿದರು. ಅಡುಗೆಮನೆಯ ಗ್ಯಾಸ್ ಲೈಟರು ಕಿಡಿ ಹಾರಿಸುವುದು ಈ ಗುಣದಿಂದಲೇ. ಅದೇ ಜಾತಿಯ ತೆಳ್ಳನೆಯ ಪೀಜೋ ಬಿಲ್ಲೆಗಳು ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಕುದುರೆಯನ್ನು ನಾಲ್ಕು ತುಂಡಾಗಿ ಕೊಯ್ದು, ಒಂದೊಂದು ತುಂಡಿನ ಕೆಳಗೂ ಒಂದೊಂದು ಬಿಲ್ಲೆಯನ್ನಿಟ್ಟು, ತುಂಡುಗಳ ನಡುವೆ ರಬ್ಬರಿನ ಹಾಳೆ ಸೇರಿಸಲಾಯಿತು. ಪಕ್ಕದ ತಂತಿಯ ಅಲುಗಾಟ ಇದಕ್ಕೆ ದಾಟಬಾರದೆಂಬುದೇ ಉದ್ದೇಶ.

ಮೊದಲ ದಿನ ಇದನ್ನು ನೇರವಾಗಿ ವರ್ಧಕಕ್ಕೆ ಜೋಡಿಸಿದಾಗ ಎಲ್ಲರೂ ಪೆಚ್ಚಾದೆವು. ದನಿ ಬಂತು, ಮಂದ್ರವೇ ಇರಲಿಲ್ಲ. ತಗಡು ಬಡಿದಂತೆ ಕೇಳಿಸಿತು. ಹುಡುಗನು ಬಿಲ್ಲೆಗಳು ಕೆಟ್ಟವೆಂದು ಕಿತ್ತೆಸೆಯಲು ಹೊರಟಿದ್ದನು. ಕಾರಣ ಬೇರೆ ಇತ್ತು. ಅಂಥ ಬಿಲ್ಲೆಯ ವಿದ್ಯುತ್ ಧಾರಣಶಕ್ತಿ ಸುಮಾರು ೨೦ ನ್ಯಾನೋಫ್ಯಾರಡ್. ಅದನ್ನು ೫೦ ಸಾವಿರ ಓಮ್ ರೋಧವುಳ್ಳ ವರ್ಧಕಕ್ಕೆ ಕೊಟ್ಟರೆ, ಸೆಕೆಂಡಿಗೆ ೧೫೯ಕ್ಕಿಂತ ಕಡಿಮೆ ಇರುವ ಕಂಪನಗಳೆಲ್ಲ ಕ್ರಮೇಣ ಸೋರಿಹೋಗುತ್ತವೆ. ನಮ್ಮ ನಾಲ್ಕೂ ತಂತಿಗಳ ಮೂಲಸ್ವರ ೧೦೦ಕ್ಕಿಂತ ಕೆಳಗೆ! ಅದೇ ರೋಧವನ್ನು ಹತ್ತು ಲಕ್ಷ ಓಮ್‌ಗೆ ಏರಿಸಿದರೆ ಸೋರಿಕೆಯ ಗೆರೆ ೮ಕ್ಕೆ ಇಳಿದು, ೪೧ರ ತಂತಿ ಸುರಕ್ಷಿತ. ಟಿಎಲ್ ೦೭೪ ಎಂಬ ಚಿಪ್ಪಿನಲ್ಲಿ ಇಂಥ ನಾಲ್ಕು ವರ್ಧಕಗಳು ಒಟ್ಟಿಗೆ ಇರುತ್ತವೆ, ತಂತಿಗೊಂದು. ಅದನ್ನು ವಾದ್ಯದ ಒಡಲಲ್ಲಿಯೇ, ಬಿಲ್ಲೆಗಳ ಹತ್ತಿರ, ೯ ವೋಲ್ಟಿನ ಬ್ಯಾಟರಿಯೊಡನೆ ಕೂಡಿಸಿದ ಮೇಲೆ ಮಂದ್ರ ಮರಳಿ ಬಂತು. ವರ್ಷವರ್ಷವೂ ನಾನು ಪಾಠ ಹೇಳಿದ ಸೂತ್ರವೊಂದು ಅಂದು ಮೊದಲ ಬಾರಿಗೆ ನನ್ನ ಕಿವಿಗೆ ಕೇಳಿಸಿತು.

ಇದಾದ ಮೇಲೆಯೂ ಒಂದು ಪೀಡೆ ಉಳಿಯಿತು. ಯಾರೂ ಮುಟ್ಟದಿದ್ದರೂ ಪೆಟ್ಟಿಗೆ ತಾನೇ ಒಂದು ಸ್ವರವನ್ನು ನುಡಿಯತೊಡಗಿತು. ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ತಿರುಗುತ್ತದೆ. ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿದರೆ ಬರುವ ಸ್ವರ ೪೯. ಟ್ಯೂಬ್‌ಲೈಟಿನ ಗುಂಯ್‌ಗಾಟವನ್ನು ಯಂತ್ರವು ತಂತಿಯ ಮಾತೆಂದೇ ತಿಳಿದುಕೊಂಡಿತ್ತು. ಒಡಲಿನ ಗುಳಿಗೆಲ್ಲ ತಾಮ್ರದ ಹಾಳೆ ಹೊದಿಸಿ ಅದನ್ನು ಭೂಸಂಪರ್ಕದ ತಂತಿಗೆ ಬೆಸೆದ ಮೇಲೆ ಆ ಭೂತ ಬಿಟ್ಟಿತು.

ಈಗ ಯಂತ್ರದ ಕಿವಿಗೆ ನಾಲ್ಕು ಸ್ವಚ್ಛ ದನಿಗಳು ತಲುಪಿದವು. ಅದು ಸ್ವರವನ್ನು ಗುರುತಿಸುವ ಬಗೆ ಹೇಗೆ? ದಾರಿಯಲ್ಲಿ ನಡೆದುಹೋದವನ ಹೆಜ್ಜೆಯ ಅಳತೆ ತಿಳಿಯಲು ಒಂದು ಹೆಜ್ಜೆಗುರುತು ಸಾಲದು, ಎರಡು ಬೇಕು. ಸಂಶಯ ಪರಿಹಾರಕ್ಕೆ ಮೂರನೆಯದೂ ಬೇಕು. ಹಾಗೆಯೇ ಯಂತ್ರವು ಕಂಪನದ ಅಲೆ ಒಮ್ಮೆ ಬಂದು ಮತ್ತೆ ಅದೇ ಆಕಾರದಲ್ಲಿ ಮರಳುವವರೆಗೆ ಕಾದು, ನಡುವಿನ ಕಾಲವನ್ನು ಅಳೆಯುತ್ತದೆ. ಸಾಮಾನ್ಯ ಗಿಟಾರಿನ ಸಣ್ಣ ತಂತಿ ಸೆಕೆಂಡಿಗೆ ೩೩೦ ಬಾರಿ ಕಂಪಿಸುವುದರಿಂದ ಅದರ ಒಂದು ಸುತ್ತಿಗೆ ೩ ಮಿಲಿಸೆಕೆಂಡು ಸಾಕು. ನಮ್ಮ ೪೧ರ ತಂತಿಯ ಒಂದು ಸುತ್ತಿಗೆ ೨೪ ಮಿಲಿಸೆಕೆಂಡು. ಎರಡು ಸುತ್ತಿಗೆ ೪೮. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದವು ೧೬ ಮೀಟರು ಸಾಗುತ್ತದೆ. ಅಂದರೆ ಮೀಟುವವನು ವೇದಿಕೆಯ ಮೇಲಿದ್ದು, ಅವನ ಜೊತೆಗಾರನು ಮೈದಾನದ ಆಚೆ ನಿಂತು ನುಡಿಸಿದಂತೆ. ಕಂಪನಿಯ ಯಂತ್ರವಿರಲಿ, ನಮ್ಮ ಮನೆಯ ಯಂತ್ರವಿರಲಿ, ಎಷ್ಟು ವೇಗದ ಗಣಕವನ್ನು ತಂದರೂ ಈ ಕಾಯುವಿಕೆ ಪೂರ್ತಿ ತಪ್ಪದು. ಇನ್ನೂ ಬಾರದ ಅಲೆಯನ್ನು ಯಾರೂ ಅಳೆಯಲಾರರು.

ಇದನ್ನು ತಪ್ಪಿಸುವ ಅಡ್ಡದಾರಿಯೊಂದಿದೆ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ವಾಕ್ಸ್ ಕಂಪನಿಯವರು ಗಿಟಾರಿನ ಮೆಟ್ಟುಗಳಿಗೇ ವಿದ್ಯುತ್ ತಂತಿ ಜೋಡಿಸಿ, ಬೆರಳು ಒತ್ತಿದೊಡನೆ ತಂತಿಗೂ ಮೆಟ್ಟಿಗೂ ಸಂಪರ್ಕವಾಗಿ ಸ್ವರ ಯಾವುದೆಂದು ತಿಳಿಯುವಂತೆ ಮಾಡಿದ್ದರು. ಕಂಪನಕ್ಕಾಗಿ ಕಾಯುವ ಗೋಜೇ ಇಲ್ಲ. ಆದರೆ ಒಂದೊಂದು ಮೆಟ್ಟನ್ನೂ ತಂತಿಗೊಂದರಂತೆ ತುಂಡು ಮಾಡಿ ಬೆಸುಗೆ ಹಾಕುವುದು ಮನೆಯ ಕೆಲಸವಲ್ಲವೆಂದು ಹುಡುಗನು ಅದನ್ನು ಕೈಬಿಟ್ಟನು. ಬದಲಿಗೆ ಅವನು ಆರಿಸಿಕೊಂಡ ಉಪಾಯ ಸರಳವಾದುದು, ನನ್ನ ಮಟ್ಟಿಗೆ ಇಡೀ ರಚನೆಯಲ್ಲಿ ಅತ್ಯಂತ ಜಾಣತನದ್ದೂ ಹೌದು. ಸುರುಳಿಯಿಂದ ಬರುವ ತಂತಿಯ ಸ್ವಂತ ನಾದವನ್ನು ತಡೆಯಿಲ್ಲದೆ ಮೊದಲು ಹೊರಡಿಸಿ, ಸಿಂಥಸೈಜರಿಗೆ ಮೆಲ್ಲಗೆ ಏರುವ ದನಿಯನ್ನು ಮಾತ್ರ ವಹಿಸಿದನು. ತಬಲಾದ ಪೆಟ್ಟಿನಂಥ ದನಿಯಾಗಿದ್ದರೆ ೪೮ ಮಿಲಿಸೆಕೆಂಡಿನ ತಡ ತಾಳವನ್ನೇ ಕೆಡಿಸುತ್ತಿತ್ತು. ತಿದಿಯ ಉಸಿರಿನಂತೆ ಏರುವ ದನಿಗೆ ಆ ತಡವೇ ಸಹಜವೆನಿಸುತ್ತದೆ. ಭಜನೆಯಲ್ಲಿ ಹಿರಿಯರಿಗೆ ಮೊದಲು ತಂತಿ, ಬೆನ್ನಿಗೆ ಹಾರ್ಮೋನಿಯಮ್ ಕೇಳಿಸಿದ್ದರ ಗುಟ್ಟು ಇದೇ.

ಈ ಉತ್ತರವನ್ನು ಹೇಳಲೆಂದು ಬನದ ಹುಣ್ಣಿಮೆ ಕಳೆದ ಮೇಲೆ ಹುಡುಗನೂ ನಾನೂ ಆ ಹಿರಿಯರ ಮನೆಗೆ ಹೋದೆವು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಹಂಗಾದ್ರ ನನ್ನ ಏಕತಾರಿಗೆ ಹಚ್ಚಿ ನೋಡು" ಎಂದರು. ಬುರುಡೆಗೆ ಜೇನುಮೇಣದಿಂದ ಒಂದು ಬಿಲ್ಲೆ ಅಂಟಿಸಲಾಯಿತು. ಅವರು ಮೀಟಿದರು, ಪೆಟ್ಟಿಗೆ ತಕ್ಷಣವೇ ನುಡಿಯಿತು, ತಡವೇ ಇಲ್ಲ. ಹುಡುಗನು ನಡೆದುದನ್ನು ವಿವರಿಸಿದನು. ಏಕತಾರಿಗೆ ಇರುವುದು ಒಂದೇ ಸ್ವರ. ಅದನ್ನು ಪೆಟ್ಟಿಗೆಗೆ ಮೊದಲೇ ತಿಳಿಸಿಟ್ಟಿದ್ದರಿಂದ ಅದು ಅಲೆಯನ್ನು ಅಳೆಯಬೇಕಾಗಿರಲಿಲ್ಲ, ಮೀಟಿದ ಕ್ಷಣವನ್ನು ಗುರುತಿಸಿದರೆ ಸಾಕಿತ್ತು. ಹಿರಿಯರು ಇನ್ನೆರಡು ಸಲ ಮೀಟಿ ನೋಡಿ, ಬಿಲ್ಲೆಯನ್ನು ತಾವೇ ಉಗುರಿನಿಂದ ಬಿಡಿಸಿ ಹುಡುಗನ ಕೈಗೆ ಕೊಟ್ಟರು. "ಮೇಣ ಹಚ್ಚಿದ್ದಕ್ಕ ಬುರುಡಿ ದನಿ ಕಟ್ಟತದ" ಎಂದರು. ಬಳಿಕ ಗಿಟಾರಿನ ದಪ್ಪ ತಂತಿಯ ಮೇಲೆ ಹೆಬ್ಬೆರಳಾಡಿಸಿ, ಮುಂದಿನ ಸೋಮವಾರದ ಭಜನೆಗೆ ಅದನ್ನು ಯಾವ ಶ್ರುತಿಗೆ ಇಳಿಸಬಹುದೆಂದು ವಿಚಾರಿಸತೊಡಗಿದರು.